ಸಾಸಿವೆ, ಬಸ್ಸು ಮತ್ತು ದೊಡ್ಡಮ್ಮ

ನಮ್ಮ ಅತ್ತೆಯ ಮನೆಯಲ್ಲಿ ನಾನು ಮೂರು ವರ್ಷ ನಾಲ್ಕನೆಯ ನಾಯಿಯಾಗಿ ಬಾಳಿದವನು! ಇದನ್ನು ಕೇಳಿ ನೀವೇನೂ ಮರುಕಪಡಬೇಕಾಗಿಲ್ಲ. ಊಟಕ್ಕೆ ಕೊರತೆಯಿರಲಿಲ್ಲ, ಹೊದಿಕೆಗೆ ಕೊರತೆಯಿರಲಿಲ್ಲ. ಆದರೆ ಮನೆಯೊಳಗಿನ ಹಿರಿತನದಲ್ಲಿ ನನ್ನದು ನಾಲ್ಕನೆಯ ಜಾಗ. ಮೊದಲಿನ ಮೂರು ನಾನು ಹೋಗುವ ಹೊತ್ತಿಗಾಗಲೇ ಭರ್ತಿಯಾಗಿದ್ದವು.

ಅತ್ತೆಯೆಂದರೆ ನಮ್ಮಪ್ಪನ ಅಕ್ಕ. ಹಿರೀಸಾವೆಯಿಂದ ಅರ್ಧ ಮೈಲಿ ದೂರದಲ್ಲಿ, ದೊಡ್ಡ ರಸ್ತೆಗೆ ಕಾಣುವ ಹಾಗೆ ಅವಳದೊಂದು ಹೆಂಚಿನ ಮನೆ. ಹದಿನಾಲ್ಕು ತೆಂಗಿನ ಮರ, ಒಂದು ಬಾವಿ, ಒಂದು ಹಸು, ಹಿತ್ತಲಲ್ಲಿ ಒಂದಿಷ್ಟು ಅವರೆ, ಸೊಪ್ಪು, ಮೆಣಸಿನ ಗಿಡ. ಅವಳ ಸಾಮ್ರಾಜ್ಯ ಅಷ್ಟೇ. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಐವತ್ತಾರನೆಯ ಇಸವಿಯಲ್ಲಿ ನನಗೆ ಹಿರೀಸಾವೆಯ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಅರಕಲಗೂಡಿನ ಕಡೆಯ ನಮ್ಮೂರಿನಿಂದ ಟ್ರಂಕು ಹೊತ್ತುಕೊಂಡು ಬಂದು ಅವಳ ಅಂಗಳದಲ್ಲಿ ನಿಂತೆ.

"ಬಾರ್ಲಾ, ಒಳೀಕೆ ಬಾ" ಎಂದಳು ಅತ್ತೆ.

ಹೋಗುವುದು ಹೇಗೆ? ಬಾಗಿಲಿಗೆ ಅಡ್ಡವಾಗಿ ಕರುವಿನಷ್ಟು ಎತ್ತರದ ಒಂದು ಪ್ರಾಣಿ ನಿಂತಿತ್ತು. ನಾಯಿಯೆಂದು ಗೊತ್ತಾದದ್ದು ಅದು ಬಾಯಿ ತೆರೆದ ಮೇಲೆ.

"ಅತ್ತೆ, ಮೊದಲು ಇದನ್ನ ಕಟ್ಟಿ ಹಾಕು!"

"ಸಾಸ್ವೇನಾ? ಅವ್ನೇನ್ ಮಾಡಾನು? ಅಂಗೇ ದಾಟ್ಕಂಡ್ ಬಾ."

ದಾಟುವುದಂತೆ! ಅದನ್ನು ದಾಟಬೇಕಾದರೆ ಏಣಿ ಬೇಕಾಗಿತ್ತು.

ಆ ಭೂತಾಕಾರದ ನಾಯಿಗೆ ಸಾಸಿವೆ ಎಂದು ಹೆಸರಿಟ್ಟವರು ಯಾರು, ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಯಾವನೋ ಲಾರಿಯವನು ಘಟ್ಟದ ಕಡೆಯಿಂದ ತಂದ ಬೇಟೆ ನಾಯಿಯ ಮರಿಯಂತೆ ಅದು. ಕಣ್ಣು ಬಿಟ್ಟಿರಲಿಲ್ಲವಂತೆ, ಅತ್ತೆಯ ಅಂಗೈ ಮೇಲೆ ಸಾಸಿವೆ ಕಾಳಿನ ಹಾಗೆ ಕೂತಿತ್ತಂತೆ. "ಈಗ ದೊಡ್ಡದಾಗಿದೆಯಲ್ಲ, ಹೆಸರು ಬದಲಾಯಿಸಬಾರದೇ?" ಎಂದೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಿ, "ನಿಂಗೆ ನಿಮ್ಮವ್ವ ಪುಟ್ಟಸ್ವಾಮಿ ಅಂತ ಮಡಗವ್ಳೆ. ನೀನಿನ್ನೂ ಪುಟ್ಟಕ್ಕೇ ಇದ್ದೀಯಾ?" ಎಂದಳು. ತರ್ಕದಲ್ಲಿ ನಾನು ಅವಳಿಗೆ ಸೋತ ಮೊದಲ ದಿನ ಅದು. ಗೆದ್ದ ದಿನ ಒಂದೂ ಇಲ್ಲ.

ಎರಡನೆಯವಳು ದೊಡ್ಡಮ್ಮ. ಒಂದು ಸುಲಿದ ತೆಂಗಿನಕಾಯಿಯಷ್ಟು ಗಾತ್ರ, ಮೈ ತುಂಬ ಬಿಳಿಯ ಕೂದಲು, ಚಪ್ಪಟೆ ಮೂತಿ. ಯಾವ ಅಧಿಕಾರಿಯ ಹೆಂಡತಿಯೋ ವರ್ಗವಾಗಿ ಹೋಗುವಾಗ "ಎರಡು ವಾರ ಇಟ್ಟುಕೊಂಡಿರಿ" ಎಂದು ಬಿಟ್ಟು ಹೋದದ್ದು. ಆ ಎರಡು ವಾರ ಮುಗಿಯಲೇ ಇಲ್ಲ. ಬಂದ ದಿನವೇ ಅವಳು ಸಾಸಿವೆಯ ತಟ್ಟೆಯ ಮುಂದೆ ನಿಂತು ಒಂದು ಸಾರಿ ಗುರ್ ಎಂದಳಂತೆ, ಕರುವಿನಂಥ ಸಾಸಿವೆ ಮೂರು ಹೆಜ್ಜೆ ಹಿಂದೆ ಸರಿಯಿತಂತೆ. "ಅವತ್ತೇ ಗೊತ್ತಾಯ್ತು ಕಣ್ಲಾ, ಈ ಮನೆ ದೊಡ್ಡಮ್ಮ ಯಾರು ಅಂತ" ಎನ್ನುತ್ತಿದ್ದಳು ಅತ್ತೆ.

ಮೂರನೆಯದು ಬಸ್ಸು. ಕಂದು ಬಣ್ಣದ, ನಡುಗಾತ್ರದ, ನೋಡಿದರೆ ಮರೆತುಹೋಗುವಂಥ ನಾಯಿ. ಬೆಂಗಳೂರಿನ ಕಡೆಯಿಂದ ಬಂದ ಯಾವುದೋ ಸಂಸಾರ ಹಿರೀಸಾವೆಯ ಹೋಟೆಲಿನ ಮುಂದೆ ಕಾಫಿಗೆ ಇಳಿದಿತ್ತು. ನಾಯಿಯೂ ಜೊತೆಗೆ ಇಳಿಯಿತು. ಕಾಫಿ ಮುಗಿಯಿತು, ಸಂಸಾರ ಹತ್ತಿಕೊಂಡಿತು, ಬಸ್ಸು ಹೊರಟಿತು. ನಾಯಿಯನ್ನು ಮರೆತರೋ, ಬೇಕೆಂದೇ ಬಿಟ್ಟರೋ ದೇವರಿಗೇ ಗೊತ್ತು. ಅದು ಬಸ್ಸಿನ ಹಿಂದೆ ಕಣ್ಣು ಕಾಣುವಷ್ಟು ದೂರ ಓಡಿ, ಸಂಜೆಗೆ ವಾಪಸು ಬಂದು, ನಾಲ್ಕು ದಿನ ಅದೇ ಹೋಟೆಲಿನ ಮುಂದೆ ಕೂತಿತ್ತು. ಬಂದ ಬಂದ ಬಸ್ಸಿನ ಬಾಗಿಲನ್ನು ನೋಡುವುದು, ಇಳಿದವರ ಮುಖವನ್ನು ನೋಡುವುದು, ಮತ್ತೆ ಕೂರುವುದು. ಐದನೆಯ ದಿನ ಅತ್ತೆ ಹೋಗಿ ಎತ್ತಿಕೊಂಡು ಬಂದಳು.

ಆಮೇಲೆ ಅತ್ತೆ ಬಸ್ಸು ಹತ್ತುವ ಹಾಗಿರಲಿಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟರೆ ಸಾಕು, ಆ ನಾಯಿ ಊರು ಕಿತ್ತುಹೋಗುವ ಹಾಗೆ ಅಳುತ್ತಿತ್ತು. ಅದಕ್ಕಾಗಿ ಅವಳು ಚನ್ನರಾಯಪಟ್ಟಣದ ಸಂತೆಗೆ ಹತ್ತು ಹನ್ನೆರಡು ಮೈಲಿ ನಡೆದೇ ಹೋಗುತ್ತಿದ್ದಳು, ಇಲ್ಲವೇ ಯಾರದಾದರೂ ಎತ್ತಿನ ಗಾಡಿ. ಗಾಡಿಯಾದರೂ ಏನು ಚೆಂದ! ಮೂರು ನಾಯಿಗಳೂ ಹುಲ್ಲಿನ ಮೇಲೆ ಮೈಚಾಚಿ ಮಲಗಿರುತ್ತಿದ್ದವು, ಇವಳು ಪಕ್ಕದಲ್ಲಿ ನಡೆದುಕೊಂಡು ಹೋಗುತ್ತಿದ್ದಳು. "ಜಾಗ ಇಲ್ವಲ್ಲಾ ಮತ್ತೆ!" ಎಂದು ಅದಕ್ಕೆ ಸಮಜಾಯಿಷಿ ಬೇರೆ.

"ಬಸ್ಸು ಅಂದರೆ ಹೆದರೋ ನಾಯಿಗೆ ಬಸ್ಸು ಅಂತಲೇ ಹೆಸರಿಟ್ಟಿದ್ದೀಯಲ್ಲ?" ಎಂದು ಕೇಳಿದೆ.

"ದಿನಾ ಕೇಳ್ತಿದ್ರೆ ಭಯ ಓಯ್ತದೆ ಅಂದ್ಕಂಡೆ ಕಣ್ಲಾ. ಓಗ್ಲಿಲ್ಲ."

ಭಯ ಹೋಗಲಿಲ್ಲ ಸರಿ, ಆದರೆ ಆ ಹೆಸರಿನಿಂದ ಊರಿನವರಿಗಾದ ಫಜೀತಿ! ಅತ್ತೆಯ ಗಂಟಲು ಅಂದರೆ ಅರ್ಧ ಮೈಲಿ ಆಚೆಗೂ ಕೇಳುವ ಗಂಟಲು. ಬೆಳಿಗ್ಗೆ ಅಂಗಳದಲ್ಲಿ ನಿಂತು "ಬಸ್ಸು ಬಂದಾ? ಬಂದಾ ನನ್ನಪ್ಪ!" ಎಂದಳೆಂದರೆ ರಸ್ತೆ ಬದಿಯ ಮರದಡಿ ಕೂತಿದ್ದವರೆಲ್ಲ ಗಂಟುಮೂಟೆ ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದರು. ಒಂದು ದಿನ ಅವಳು "ಅಯ್ಯೋ, ಬಸ್ಸು ಬಾವಿ ತಾವ ಓಯ್ತು, ಯಾರಾದ್ರೂ ಇಡ್ಕಳ್ರೋ!" ಎಂದು ಕೂಗಿದಳು. ಗದ್ದೆಯಿಂದ, ಹೋಟೆಲಿನಿಂದ, ತೋಟದಿಂದ ಜನ ಓಡಿ ಬಂದರು, ಒಬ್ಬ ಹಗ್ಗವನ್ನೂ ತಂದಿದ್ದ! ಬಂದು ನೋಡಿದರೆ ಈ ಬಸ್ಸು ಬಾವಿಯ ಕಟ್ಟೆಯ ಮೇಲೆ ಕೂತು ಕಿವಿ ಕೆರೆದುಕೊಳ್ಳುತ್ತಿತ್ತು.

ಊಟದ ಹೊತ್ತಿನಲ್ಲಿ ನನ್ನ ನಾಲ್ಕನೆಯ ಸ್ಥಾನ ಚೆನ್ನಾಗಿ ಗೊತ್ತಾಗುತ್ತಿತ್ತು. ಅತ್ತೆ ಮುದ್ದೆ ಕಟ್ಟುವುದು ದೇಹಪ್ರಮಾಣಕ್ಕೆ ತಕ್ಕಂತೆ. ಸಾಸಿವೆಗೆ ತೆಂಗಿನಕಾಯಿ ಗಾತ್ರ, ದೊಡ್ಡಮ್ಮನಿಗೆ ನಿಂಬೆಹಣ್ಣಿನ ಗಾತ್ರ, ಬಸ್ಸಿಗೂ ನನಗೂ ಬೇಲದ ಹಣ್ಣಿನ ಗಾತ್ರ. ಒಂದು ಮಧ್ಯಾಹ್ನ ಸಾರು ಬಹಳ ಸಪ್ಪೆಯಾಗಿತ್ತು. ಉಪ್ಪಿಲ್ಲ, ಖಾರವಿಲ್ಲ. ಪಾಪ, ವಯಸ್ಸಾಯಿತು, ಮರೆತಿದ್ದಾಳೆ ಎಂದುಕೊಂಡು ಮಾತಾಡದೆ ಉಂಡೆದ್ದೆ. ಅತ್ತೆ ಹಿತ್ತಲಿನಿಂದ ನಗುತ್ತ ಬಂದಳು.

"ಲೇ, ತಟ್ಟೆ ಅದಲು ಬದಲಾಗೋಗದೆ ಕಣ್ಲಾ! ನೀನ್ ಉಂಡಿದ್ದು ಬಸ್ಸುಂದು. ಅವ್ನು ನಿನ್ ಸಾರನ್ನ ಒಂದ್ ಕಿತ ನೆಕ್ಕಿ ಬುಟ್ಬುಟ್ಟ. ನೀನ್ ಓದ್ದೋನು, ಪೂರ್ತಿ ಉಂಡ್ಯಲ್ಲಾ!"

ಶಾಲೆಗಾದರೂ ಹೋಗಿ ಮರ್ಯಾದೆ ಉಳಿಸಿಕೊಳ್ಳೋಣವೆಂದರೆ ಅಲ್ಲಿಯೂ ಬಿಡಲಿಲ್ಲ. ಹೊಸ ಪೈಸೆ ಚಲಾವಣೆಗೆ ಬಂದ ವರ್ಷ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ಕೋಟು, ಪೇಟ, ಕನ್ನಡಕ, ಕೈಯಲ್ಲೊಂದು ಬೆತ್ತ. ನಾನು ಬೆವರುತ್ತ ಹಾಜರಿ ಪುಸ್ತಕ ತೆರೆದೆ. ಆ ಹೊತ್ತಿಗೆ ಸರಿಯಾಗಿ ಸಾಸಿವೆ ಬಾಗಿಲಿನಿಂದ ಒಳಗೆ ಬಂದು, ಮಕ್ಕಳ ಸಾಲಿನ ನಡುವೆ ಗಂಭೀರವಾಗಿ ನಡೆದು, ಸಾಹೇಬರ ಕುರ್ಚಿಯ ಕೆಳಗೆ ತಲೆ ತೂರಿಸಿ ಮಲಗಿಬಿಟ್ಟಿತು. ತಲೆ ಮಾತ್ರ ಕೆಳಗೆ, ಉಳಿದದ್ದೆಲ್ಲ ಹೊರಗೆ! ಸಾಹೇಬರು ಎರಡೂ ಕಾಲನ್ನು ಮೇಲೆತ್ತಿಕೊಂಡು ಕುರ್ಚಿಯ ಮೇಲೆ ಚಕ್ಕಳ ಮಕ್ಕಳ ಹಾಕಿದರು.

"ಇದು... ಇದರ ಹೆಸರೇನು?" ಎಂದರು, ಪಿಸುಮಾತಿನಲ್ಲಿ.

"ಸಾಸಿವೆ, ಸಾರ್."

ಅವರು ನನ್ನ ಮುಖ ನೋಡಿದರು. ಎರಡು ಗಂಟೆ ಕಾಲ ಅದೇ ಭಂಗಿಯಲ್ಲಿ ಕೂತು ಮುಂದಿನ ಸಾಲಿನ ಮಕ್ಕಳನ್ನಷ್ಟೇ ಪ್ರಶ್ನೆ ಕೇಳಿದರು. ನಮ್ಮ ಹಿಂದಿನ ಸಾಲಿನ ಮಹಾಶಯರ ವಿದ್ಯೆ ಅವರ ಕಿವಿಗೆ ಬೀಳಲೇ ಇಲ್ಲ. ಆ ವರ್ಷ ನಮ್ಮ ಶಾಲೆಗೆ ಬಂದಷ್ಟು ಒಳ್ಳೆಯ ವರದಿ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಇನ್ನು ನನ್ನ ಮದುವೆ ನಿಶ್ಚಯವಾದ ಕತೆ. ಹೊಳೆನರಸೀಪುರದ ಕಡೆಯ ಹೆಣ್ಣು. ಹೆಣ್ಣಿನ ತಂದೆ, ಅವರ ತಮ್ಮ ಇಬ್ಬರೂ ಮನೆ ನೋಡಲು ಬಂದರು. ಜಗಲಿಯ ಮೇಲೆ ಕೂತು, ಸೆಕೆಯೆಂದು ಪೇಟ ತೆಗೆದು ಪಕ್ಕದಲ್ಲಿಟ್ಟರು. ಕಾಫಿ ಕುಡಿದರು. ಅರ್ಧ ಗಂಟೆ ಮಾತಾಡಿದರು. "ಸರಿ, ಓಗಿ ಯೋಚ್ನೆ ಮಾಡಿ ತಿಳಿಸ್ತೀವಿ" ಎಂದು ಎದ್ದು ಹೆಣ್ಣಿನ ತಂದೆ ತಮ್ಮ ಪೇಟಕ್ಕೆ ಕೈ ಹಾಕಿದರು. ಪೇಟದೊಳಗಿನಿಂದ ಗುರ್ ಎಂದಿತು! ಅಳತೆ ಕೊಟ್ಟು ಹೊಲಿಸಿದ ಹಾಗೆ ಅದರೊಳಗೆ ಸುತ್ತಿಕೊಂಡು ದೊಡ್ಡಮ್ಮ ಮಲಗಿದ್ದಳು.

"ಇವಳನ್ನ ವಸಿ ಎತ್ತಿ ಅಮ್ಮಾ" ಎಂದರು ಅವರು.

"ಮಲಗಿರೋಳ್ನ ಎಬ್ಬುಸ್ಬಾರ್ದು ಕಣಣ್ಣ. ಅವ್ಳಾಗೇ ಏಳ್ತಾಳೆ. ಕುಂತ್ಕಳಿ" ಎಂದಳು ಅತ್ತೆ.

ಬರಿತಲೆಯಲ್ಲಿ ಬೀದಿಗಿಳಿಯಲು ಆ ಗೌಡರಿಗೆ ಮನಸ್ಸಿಲ್ಲ. ಕೂತರು. ಊಟದ ಹೊತ್ತಾಯಿತು, ಉಂಡರು. ದೊಡ್ಡಮ್ಮ ಏಳಲಿಲ್ಲ. ಎಲೆಯಡಿಕೆ ಹಾಕಿದರು. ಏಳಲಿಲ್ಲ. ಅತ್ತೆ ನಮ್ಮಪ್ಪನ ಕತೆ, ನಮ್ಮ ಮನೆತನದ ಕತೆ, ನಾನು ಬಸ್ಸಿನ ಸಾರುಂಡ ಕತೆ ಎಲ್ಲ ಹೇಳಿದಳು. ಗೌಡರು ನಗುವುದಕ್ಕೆ ಶುರುಮಾಡಿದವರು ನಿಲ್ಲಿಸಲಿಲ್ಲ. ನಾಲ್ಕು ಗಂಟೆಗೆ ದೊಡ್ಡಮ್ಮ ಆಕಳಿಸಿ ಎದ್ದು ಬರುವ ಹೊತ್ತಿಗೆ ಮಾತುಕತೆ ಮುಗಿದು, ಲಗ್ನ ಯಾವ ತಿಂಗಳು ಎಂಬಲ್ಲಿಗೆ ಬಂದಿತ್ತು. ಒಂದು ನಾಯಿಯ ಮಧ್ಯಾಹ್ನದ ನಿದ್ದೆಯಿಂದ ನನಗೆ ಹೆಂಡತಿ ಸಿಕ್ಕಳು. ಹೀಗೆ ಹೇಳಿಕೊಳ್ಳುವ ಭಾಗ್ಯ ಎಷ್ಟು ಜನರಿಗಿದೆ?

ಮದುವೆ ಚನ್ನರಾಯಪಟ್ಟಣದ ಒಂದು ಛತ್ರದಲ್ಲಿ ಎಂದಾಯಿತು. ಅದೇ ತಿಂಗಳು ನನಗೆ ಅಲ್ಲಿಯ ಶಾಲೆಗೇ ವರ್ಗವೂ ಆಯಿತು. ಅತ್ತೆಯ ಸಂಭ್ರಮ ಹೇಳತೀರದು. ಸೊಸೆಗೆಂದು ಒಂದು ಹಸಿರು ಸೀರೆ ತಂದಿಟ್ಟಳು. ಪಕ್ಕದ ತೋಟದ ನಿಂಗಮ್ಮನ ಮನೆಯ ಗಾಡಿಗೆ ಹೇಳಿಟ್ಟಳು. ಮೂರು ನಾಯಿಗಳಿಗೂ ಬಾವಿಕಟ್ಟೆಯಲ್ಲಿ ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಆಗ ನಾನು ಹೋಗಿ ಎದುರಿಗೆ ನಿಂತೆ.

"ಅತ್ತೆ, ಇವನ್ನೆಲ್ಲ ಯಾಕೆ ತೊಳೀತಿದ್ದೀಯ?"

"ಮದ್ವೆಗೆ ಕಣ್ಲಾ! ಕೊಳಕು ಮೈಯಾಗೆ ಕರ್ಕಂಡ್ ಓಗಕ್ಕಾಯ್ತದಾ?"

"ಮದುವೆ ಛತ್ರದಲ್ಲಿ ನಾಯಿಗಳಿಗೆ ಏನು ಕೆಲಸ?"

"ನಾನೇನ್ ಮುಂದ್ಕೆ ಬರಾಕಿಲ್ಲ. ಗಂಡ ಇಲ್ದೋಳು, ಇಂದ್ಗಡೆ ಕಂಬದ ತಾವ ನಿಂತ್ಕೋತೀನಿ. ಅವೂ ನನ್ ಪಕ್ಕದಾಗೆ ನಿಂತ್ಕೋತವೆ. ಒಂದ್ ಸದ್ದು ಮಾಡಾಕಿಲ್ಲ, ನೋಡ್ತಿರು."

"ಎಲ್ಲರೂ ನಗ್ತಾರೆ ಅತ್ತೆ."

"ನಗ್ಲಿ ಬುಡು. ಮದ್ವೆ ಮನೇಲಿ ನಗ್ದೆ ಅಳ್ತಾರಾ?"

ನಾನು ಆಗ ನಕ್ಕು ಸುಮ್ಮನಾಗಿದ್ದರೆ! ಹೆಣ್ಣಿನ ಕಡೆಯವರು ಯಾರೂ ಬೇಡವೆಂದಿರಲಿಲ್ಲ. ನನ್ನ ಮಾವನವರಂತೂ "ನನ್ ಪೇಟದಾಗೆ ಮಲಗಿದ್ದೋಳ್ನ ಕರ್ಕೊಂಡ್ ಬನ್ನಿ" ಎಂದು ಎರಡು ಸಾರಿ ಹೇಳಿಕಳಿಸಿದ್ದರು. ನಾನೇ, ಪಟ್ಟಣದ ಶಾಲೆಗೆ ಹೊಸದಾಗಿ ಹೋಗುವ ಮೇಷ್ಟ್ರು, ಅಲ್ಲಿಯ ಹೆಡ್‌ಮಾಸ್ಟರೂ ಸಹೋದ್ಯೋಗಿಗಳೂ ಬಂದು ಕೂತಾಗ ನಮ್ಮತ್ತೆ ಮೂರು ಗಾತ್ರದ ಮೂರು ನಾಯಿಗಳ ಜೊತೆ ಕಂಬದ ಹತ್ತಿರ ನಿಂತಿರುವುದನ್ನು ಕಲ್ಪಿಸಿಕೊಂಡು ಬೆವೆತುಹೋಗಿದ್ದೆ. ನಾನು ಹೇಳಿದೆ:

"ನೋಡು ಅತ್ತೆ, ನಿನಗೆ ನಾನು ಬೇಕೋ, ಈ ನಾಯಿಗಳು ಬೇಕೋ, ತೀರ್ಮಾನ ಮಾಡು."

ಅತ್ತೆಯ ಕೈ ಸಾಸಿವೆಯ ಬೆನ್ನಿನ ಮೇಲೆ ನಿಂತಿತು. ನೊರೆ ಅವಳ ಮೊಳಕೈಯಿಂದ ಇಳಿದು ತೊಟ್ಟಿಕ್ಕುತ್ತಿತ್ತು. ಒಂದು ಚೊಂಬು ನೀರು ಹೊಯ್ದಳು, ಇನ್ನೊಂದು ಹೊಯ್ದಳು.

"ಆಯ್ತು ಕಣಪ್ಪ. ನಿಂಗಮ್ಮನ ತಾವ ಬುಟ್ಟು ಬಸ್ಸಲ್ಲೇ ಬತ್ತೀನಿ" ಎಂದಳು.

ಮೂರು ವರ್ಷದಲ್ಲಿ ಅವಳು ನನ್ನನ್ನು 'ಲೇ', 'ಲಾ' ಬಿಟ್ಟು ಬೇರೆ ರೀತಿ ಕರೆದಿರಲಿಲ್ಲ. ಅಂದು 'ಅಪ್ಪ' ಎಂದಳು. ಮರ್ಯಾದೆ ಬೇಕೆಂದು ಹೋದವನಿಗೆ ಮರ್ಯಾದೆ ಸಿಕ್ಕಿತು. ಅವಳು ಬಸ್ಸು ಹತ್ತಿದರೆ ಆ ಬಡಪಾಯಿ ನಾಯಿಗೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದು ದಿನ ಅತ್ತರೆ ಅಳಲಿ ಎಂದುಕೊಂಡೆ.

ಮದುವೆಗೆ ಅತ್ತೆ ಬರಲಿಲ್ಲ.

ಮುಹೂರ್ತಕ್ಕೆ ಮುಂಚೆ ಎರಡು ಸಾರಿ ಬಾಗಿಲ ಕಡೆ ನೋಡಿದೆ. ಧಾರೆಯಾಯಿತು. ನಮ್ಮವ್ವ "ನಿಮ್ಮತ್ತೆ ಎಲ್ಲೋ?" ಎಂದು ಕೇಳಿದಳು. ಮಧ್ಯಾಹ್ನದ ಪಂಕ್ತಿಯಲ್ಲಿ ಮಾವನವರ ಕಡೆಯವರೂ ಅದನ್ನೇ ಕೇಳಿದರು. ನನಗೆ ಸಿಟ್ಟು. ಆ ಸಿಟ್ಟಿನಲ್ಲಿ, "ಅವಳಿಗೆ ನಾಯಿಗಳೇ ಹೆಚ್ಚು" ಎಂದು ಶುರುಮಾಡಿದೆ. ಸಾಸಿವೆಯ ಹೆಸರಿನ ಕತೆ ಹೇಳಿದೆ. "ಬಸ್ಸು ಬಾವಿಗೆ ಬಿತ್ತು" ಎಂದು ಜನ ಹಗ್ಗ ತಂದ ಕತೆ ಹೇಳಿದೆ. ಸಪ್ಪೆ ಸಾರಿನ ಕತೆ, ಇನ್ಸ್‌ಪೆಕ್ಟರು ಕುರ್ಚಿಯ ಮೇಲೆ ಚಕ್ಕಳ ಮಕ್ಕಳ ಹಾಕಿದ ಕತೆ, ಎಲ್ಲ. ಇಷ್ಟು ಹೊತ್ತು ನಿಮಗೆ ಹೇಳಿದೆನಲ್ಲ, ಇದೇ ಸಾಲಿನಲ್ಲಿ, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ. ಪಂಕ್ತಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಡ್‌ಮಾಸ್ಟರಿಗೆ ನಗುವಿನಲ್ಲಿ ನೆತ್ತಿಗೇರಿತು. "ಏನು ಚೆನ್ನಾಗಿ ಹೇಳ್ತೀರಿ ಮೇಷ್ಟ್ರೇ!" ಎಂದರು. ನಾನು ಹಿಗ್ಗಿದೆ.

ಮರುದಿನ ನಿಂಗಮ್ಮನ ಗಂಡ ಬಂದು, "ಅಮ್ಮೋರ್ಗೆ ಚಳಿಜ್ವರ ಕಣ್ರೀ. ಅದ್ಕೇ ಬರಕ್ಕಾಗ್ಲಿಲ್ವಂತೆ" ಎಂದ.

"ಜ್ವರ ಯಾವ ನಾಯಿಗೆ?" ಎಂದು ಕೇಳಿದೆ ನಾನು. ಅದಕ್ಕೂ ಜನ ನಕ್ಕರು.

ಆಮೇಲೆ ಏಳು ತಿಂಗಳು ನಾನು ಅತ್ತೆಯ ಮನೆಗೆ ಹೋಗಲಿಲ್ಲ. ಹತ್ತು ಹನ್ನೆರಡು ಮೈಲಿ. ದಿನಕ್ಕೆ ಎಷ್ಟೋ ಬಸ್ಸು. ಹೋಗಲಿಲ್ಲ. ಬರಬೇಕಾದವಳು ಅವಳು ಎಂಬ ಲೆಕ್ಕಾಚಾರ ನನ್ನದು. ಕೊನೆಗೆ ನನ್ನ ಹೆಂಡತಿಯೇ ಒಂದು ಭಾನುವಾರ ಕೇಳಿದಳು, "ಅಷ್ಟೊಂದ್ ಕತೆ ಕಟ್ಟಿ ನಗಿಸ್ತೀರಲ್ಲಾ, ಆ ಅತ್ತೇನ ನಂಗ್ಯಾವಾಗ ತೋರಿಸ್ತೀರಿ?" ಇಬ್ಬರೂ ಬೆಳಗಿನ ಬಸ್ಸು ಹತ್ತಿದೆವು.

ಕಂಡಕ್ಟರು ಹಳೆಯ ಪರಿಚಯದವನು. ಟಿಕೇಟು ಹರಿದು ಕೊಡುತ್ತ ಕೇಳಿದ, "ಏನ್ ಮೇಷ್ಟ್ರೇ, ಅಮ್ಮೋರ ನಾಯಿ ಈಗ ಎಂಗದೆ?"

"ಯಾವ ನಾಯಿ?"

"ಅದೇ ಸಾ, ಕಾಲು ಮುರ್ಕಂಡಿದ್ದು. ನಿಮ್ಗೆ ಗೊತ್ತಿಲ್ವಾ? ನಿಮ್ಮ ಮದ್ವೆ ದಿನಾನೇ ಅಲ್ವಾ!"

ನನ್ನ ಪಕ್ಕದ ಸೀಟಿನ ಕಂಬಿ ಹಿಡಿದು ನಿಂತು ಅವನು ಹೇಳಿದ. ಅಂದು ಬೆಳಗಿನ ಮೊದಲನೆಯ ಬಸ್ಸಿಗೆ ಅತ್ತೆ ಬಂದು ಹತ್ತಿದಳಂತೆ, ಒಗೆದ ಸೀರೆ, ಕೈಯಲ್ಲೊಂದು ಬಟ್ಟೆಯ ಚೀಲ. "ನಮ್ಮುಡ್ಗನ್ ಮದ್ವೆ" ಎಂದು ಬಸ್ಸಿನಲ್ಲಿ ಇದ್ದವರಿಗೆಲ್ಲ ಹೇಳಿದಳಂತೆ. ಬಸ್ಸು ಒಂದು ಮೈಲಿ ಹೋಗಿರಲಿಲ್ಲ, ಹಿಂದಿನ ಸೀಟಿನವರು "ಯಾವ್ದೋ ನಾಯಿ ಓಡಿ ಬತ್ತಾ ಅದೆ" ಎಂದರು. ಅದು ನಿಂಗಮ್ಮನ ಮನೆಯ ಹಗ್ಗ ಕಡಿದುಕೊಂಡು ಬಂದಿತ್ತು. ಅತ್ತೆ ಕಿಟಕಿಯಿಂದ ಬಗ್ಗಿ ನೋಡಿದವಳೇ, "ಬಸ್ಸು ಬತ್ತಾವ್ನೆ! ಬಸ್ಸು ಬತ್ತಾವ್ನೆ! ನಿಲ್ಸಪ್ಪೋ!" ಎಂದು ಕೂಗಿಕೊಂಡಳು.

"ನಮ್ ಡ್ರೈವರು ಹೊಸಬ ಸಾ. ಇಂದ್ಗಡೆಯಿಂದ ಇನ್ನೊಂದ್ ಬಸ್ಸು ಬತ್ತಾ ಅದೆ, ಮುಂದಕ್ ಓಗ್ಬುಡ್ತದೆ ಅಂದ್ಕಂಡ. ಇನ್ನೂ ಜೋರಾಗಿ ಬುಟ್ಟ. ಆ ನಾಯಿನೂ ಇನ್ನೂ ಜೋರಾಗಿ ಓಡ್ತು. ನಂಗೆ ಗೊತ್ತಾಗಿ ಸೀಟಿ ಊದೋ ಒತ್ಗೆ ಎದುರಿಂದ ಒಂದು ಲಾರಿ ಬಂದ್ಬುಡ್ತು."

ಹೆಸರು ಕೇಳಿ ನಗದವರು ಯಾರಿದ್ದರು? ನಾನೂ ನಕ್ಕಿದ್ದೆ, ಬೇರೆಯವರನ್ನೂ ನಗಿಸಿದ್ದೆ. ನಾಯಿಯ ಹಿಂದಿನ ಕಾಲಿನ ಮೇಲೆ ಲಾರಿಯ ಚಕ್ರ ಹರಿದಿತ್ತಂತೆ. ಅತ್ತೆ ಇಳಿದು ಓಡಿದಳಂತೆ. ಕಂಡಕ್ಟರು, "ನೀವ್ ಮದ್ವೆಗೆ ಓಗ್ರಮ್ಮ, ಇದನ್ನ ಇಲ್ಲೇ ಮರದ ಬುಡದಾಗೆ ಮಲಗ್ಸೋಣ" ಎಂದನಂತೆ. ಅದಕ್ಕವಳು, "ಒಂದ್ ಕಿತ ಬಸ್ಸೋರು ಬುಟ್ಟೋಗವ್ರೆ ಇವ್ನ. ಇನ್ನೊಂದ್ ಕಿತ ನಾನೇ ಬುಟ್ಟೋಗ್ಲಾ?" ಎಂದಳಂತೆ. ಚೀಲದಿಂದ ಒಂದು ಸೀರೆ ತೆಗೆದಳಂತೆ.

"ಹೊಸ ಸೀರೆ ಸಾ. ಹಸ್ರುದು. ಮಡಿಕೆ ಬಿಚ್ಚಿರ್ಲಿಲ್ಲ. ಅದ್ರಾಗೆ ಕೂಸ್ನ ಕಟ್ಟೋ ಅಂಗೆ ಆ ನಾಯಿನ ಬೆನ್ಗೆ ಕಟ್ಕಂಡು ವಾಪಸ್ ನಡ್ಕಂಡ್ ಓದ್ರು. 'ಮೇಷ್ಟ್ರಿಗೆ ಏನಾದ್ರೂ ತಿಳಿಸ್ಬೇಕಾ ಅಮ್ಮಾ' ಅಂತ ಕೇಳ್ದೆ. 'ಬ್ಯಾಡ ಕಣಪ್ಪ, ಮದ್ವೆ ದಿನ ಅವ್ನ ಮನ್ಸು ಕೆಡಿಸ್ಬ್ಯಾಡ. ಜ್ವರ ಅಂತೀನಿ' ಅಂದ್ರು."

ನಾನು ಪಂಕ್ತಿಯಲ್ಲಿ ಕೂತು ಅವಳ ಕತೆ ಹೇಳಿ ಜನರನ್ನು ನಗಿಸುತ್ತಿದ್ದಾಗ, ಅವಳು ತನ್ನ ಜಗಲಿಯ ಮೇಲೆ ಕೂತು ಆ ಕಾಲಿಗೆ ಅರಿಸಿನ ಹಚ್ಚುತ್ತಿದ್ದಳು. ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿ ಕೂತಳು. ಇಳಿಯುವವರೆಗೂ ಈ ಕಡೆ ತಿರುಗಲಿಲ್ಲ.

ಅತ್ತೆ ನಮ್ಮನ್ನು ನೋಡಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಬಾರವ್ವ, ಬಾ. ಅಯ್ಯೋ, ಎಂಥಾ ಲಕ್ಷಣವಾಗವ್ಳೆ!" ಎಂದು ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದಳು. ಏಳು ತಿಂಗಳು ಯಾಕೆ ಬರಲಿಲ್ಲವೆಂದು ಒಂದು ಮಾತು ಕೇಳಲಿಲ್ಲ. ಸಾಸಿವೆ ಬಂದು ನನ್ನ ಭುಜದ ಮೇಲೆ ಎರಡೂ ಕೈಯಿಟ್ಟಿತು. ದೊಡ್ಡಮ್ಮ ದೂರದಿಂದಲೇ ಬೊಗಳಿ ಹಳೆಯ ಬಾಕಿಯನ್ನೆಲ್ಲ ತೀರಿಸಿದಳು. ಜಗಲಿಯ ಮೂಲೆಯಲ್ಲಿ ಬಸ್ಸು ಮಲಗಿತ್ತು. ನನ್ನನ್ನು ಕಂಡು ಬಾಲ ಬಡಿಯಿತು. ಎದ್ದು ಮೂರು ಕಾಲಿನಲ್ಲಿ ಕುಂಟುತ್ತ ಬಂತು. ಅದು ಮಲಗಿದ್ದ ಕಡೆ ಹಾಸಿದ್ದದ್ದು ಹಸಿರು ಸೀರೆ. ಎಷ್ಟು ಒಗೆದರೂ ಹೋಗದ ಕಲೆ ನಡುವೆ ಇತ್ತು. ಅಂಚು ಮಾತ್ರ ಇನ್ನೂ ಹೊಸದರಂತೆ ಇತ್ತು.

ನನ್ನ ಹೆಂಡತಿಗೆ ನಾಯಿಯೆಂದರೆ ಭಯ. ಆದರೂ ಹೋಗಿ ಆ ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಸೀರೆಯ ಅಂಚನ್ನು ಬೆರಳಿನಲ್ಲಿ ಸವರುತ್ತ ಕೇಳಿದಳು, "ಈ ಬಣ್ಣ ನಂಗೆ ಒಪ್ತಿತ್ತಾ ಅತ್ತೆಮ್ಮ?"

ಗುಟ್ಟು ಬಯಲಾಯಿತೆಂದು ಅತ್ತೆಗೆ ತಿಳಿಯಿತು. ಆಮೇಲೆ, "ಒಪ್ತಿತ್ತು ಕಣವ್ವ. ನಿನ್ ಮೈಬಣ್ಣ ಕೇಳ್ಕಂಡೇ ತಂದಿದ್ದೆ" ಎಂದಳು. ಇಬ್ಬರೂ ಒಟ್ಟಿಗೆ ಒಳಗೆ ಹೋದರು. ಒಳಗೆ ಬಹಳ ಹೊತ್ತು ಪಾತ್ರೆಯ ಸದ್ದು, ಮಾತಿನ ಸದ್ದು. ಒಂದು ಸಾರಿ ನಗುವಿನ ಸದ್ದೂ ಕೇಳಿತು.

ನಾನು ಜಗಲಿಯ ಮೇಲೆ ಒಬ್ಬನೇ ಉಳಿದೆ. ಅತ್ತೆಯ ಕಾಲು ಹಿಡಿಯಬೇಕೆಂದು ಬಸ್ಸಿನಲ್ಲಿ ಬರುವಾಗಲೇ ತೀರ್ಮಾನಿಸಿದ್ದೆ. ಬಂದ ಮೇಲೆ ಬಾಯಿ ಬರಲಿಲ್ಲ. ಇಡೀ ತರಗತಿಯ ಮುಂದೆ ಗಂಟೆಗಟ್ಟಲೆ ಮಾತಾಡುವವನು, ಪಂಕ್ತಿಗಟ್ಟಲೆ ಜನರನ್ನು ನಗಿಸುವವನು! ಬಸ್ಸು ಬಂದು ನನ್ನ ತೊಡೆಯ ಮೇಲೆ ಗದ್ದವಿಟ್ಟು ಮಲಗಿದ. ಅವನ ಹಿಂಗಾಲಿನ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಅದರ ಮೇಲೆ ಕೈಯಿಟ್ಟೆ. ಕಾಲು ಎಳೆದುಕೊಳ್ಳಲಿಲ್ಲ. ಬಗ್ಗಿ ಅವನ ಕಿವಿಯ ಹತ್ತಿರ, ಯಾರಿಗೂ ಕೇಳದ ಹಾಗೆ, "ತಪ್ಪಾಯ್ತು ಕಣೋ" ಎಂದೆ. ಮತ್ತೊಂದು ಸಾರಿ ಹೇಳಿದೆ. ಎಷ್ಟು ಸಾರಿ ಹೇಳಿದೆನೋ ಗೊತ್ತಿಲ್ಲ.

ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ! ಬಂದು ನನ್ನ ಪಕ್ಕದಲ್ಲಿ ಕೂತಳು. ಹೆಂಡತಿ ನೋಡುತ್ತಿದ್ದಾಳೆಂದೂ ಲೆಕ್ಕಿಸದೆ ನನ್ನ ತಲೆಯನ್ನು ಎಳೆದು ಭುಜಕ್ಕೆ ಒತ್ತಿಕೊಂಡಳು.

"ಅವ್ನು ಮರ್ತು ಯಾವ್ ಕಾಲ ಆಯ್ತು ಕಣ್ಲಾ" ಎಂದಳು. "ನಾನೂ ಮರ್ತಿವ್ನಿ. ನೀನೂ ಮರ್ತ್‌ಬುಡು."

ಅತ್ತೆ ಆಮೇಲೆ ಎಂಟು ವರ್ಷ ಇದ್ದಳು. ಬೇರೆ ಏನೇ ಹೇಳಿದರೂ ಕೇಳಿದೆ. ಇದೊಂದು ಮಾತನ್ನು ಮಾತ್ರ ಇವತ್ತಿನವರೆಗೂ ನಡೆಸಿಕೊಡಲು ಆಗಲಿಲ್ಲ.